ಟ್ರಿಗರ್ ನಮ್ಮ ಕೈಲಿ, ಗುರಿ ಯಾರ ಕೈಲಿ?

2015ರ ಜುಲೈನಲ್ಲಿ ರೂನಾ ಸ್ಯಾಂಡ್ವಿಕ್ ಮತ್ತು ಮೈಕೆಲ್ ಆಗರ್ ಎಂಬ ಇಬ್ಬರು ಭದ್ರತಾ ಸಂಶೋಧಕರು ಒಂದು ರೈಫಲ್ ಬಗ್ಗೆ ತಾವು ಕಂಡುಕೊಂಡಿದ್ದನ್ನು ಹೊರಗೆ ಹೇಳಿದರು. ಅವರು ಗಂಡ ಹೆಂಡತಿ. ರೈಫಲ್ ಮಾಡಿದ್ದು ಟ್ರ್ಯಾಕಿಂಗ್‌ಪಾಯಿಂಟ್ ಎಂಬ ಅಮೆರಿಕದ ಕಂಪನಿ. ಬೆಲೆ ಸುಮಾರು 13,000 ಡಾಲರ್. ಅದರ ಸ್ಕೋಪ್ ಒಳಗೆ ಲಿನಕ್ಸ್ ಓಡುವ ಕಂಪ್ಯೂಟರ್ ಇತ್ತು. ಜೊತೆಗೆ ವೈ-ಫೈ ಇತ್ತು.

ಈ ರೈಫಲ್ ಕೆಲಸ ಮಾಡುವ ರೀತಿ ಸ್ವಲ್ಪ ಬೇರೆ. ಸ್ಕೋಪಿನಲ್ಲಿ ನೋಡುತ್ತಾ ಗುರಿಯ ಮೇಲೆ ಮೊದಲು ಒಂದು ಗುರುತು ಹಾಕಬೇಕು. ದೂರ, ಗಾಳಿ, ಉಷ್ಣತೆ, ಗುಂಡಿನ ತೂಕ ಎಲ್ಲ ಸೇರಿಸಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ಟ್ರಿಗರ್ ಎಳೆದು ಹಿಡಿದರೂ ಗುಂಡು ಆ ಕೂಡಲೇ ಹಾರುವುದಿಲ್ಲ. ನಳಿಗೆ ಆ ಗುರುತಿಗೆ ಸರಿಯಾಗಿ ಹೊಂದುವವರೆಗೆ ಬಂದೂಕು ಕಾಯುತ್ತದೆ. ಹೊಂದಿದ ಕ್ಷಣ ಹಾರಿಸುತ್ತದೆ. ಅಂದರೆ ಹೊಡೆಯಬೇಕು ಎನ್ನುವ ತೀರ್ಮಾನ ಮನುಷ್ಯನದ್ದು, ಯಾವ ಕ್ಷಣದಲ್ಲಿ, ಎಲ್ಲಿಗೆ ಎನ್ನುವುದು ಯಂತ್ರದ್ದು.

ವೈ-ಫೈ ಯಾಕಿತ್ತು? ಸ್ಕೋಪಿನಲ್ಲಿ ಕಾಣುವುದನ್ನು ಪಕ್ಕದಲ್ಲಿರುವವರು ಫೋನಿನಲ್ಲೋ ಟ್ಯಾಬ್ಲೆಟ್‌ನಲ್ಲೋ ನೋಡಲಿ, ಫೋಟೊ, ವಿಡಿಯೊ ಇಳಿಸಿಕೊಳ್ಳಲಿ ಅಂತ. ಅದು ಮೊದಲಿಗೆ ಆಫ್ ಆಗಿಯೇ ಇರುತ್ತಿತ್ತು. ಆನ್ ಮಾಡಿದರೆ ಒಂದು ಡೀಫಾಲ್ಟ್ ಪಾಸ್‌ವರ್ಡ್, ಅಂದರೆ ಕಂಪನಿಯೇ ಮೊದಲು ಹಾಕಿಟ್ಟದ್ದು. ಅದನ್ನು ಬದಲಾಯಿಸಲು ದಾರಿಯೇ ಇರಲಿಲ್ಲ. ಹತ್ತಿರದಲ್ಲಿರುವ ಯಾರು ಬೇಕಾದರೂ ಆ ಬಂದೂಕಿನ ನೆಟ್‌ವರ್ಕ್ ಸೇರಬಹುದಿತ್ತು.

ಸೇರಿಕೊಂಡ ಮೇಲೆ ಸ್ಯಾಂಡ್ವಿಕ್ ಮತ್ತು ಆಗರ್ ಮಾಡಿದ್ದು ಗುಂಡಿನ ತೂಕದ ಅಂಕಿ ಬದಲಿಸುವ ಕೆಲಸ. ಸುಮಾರು 11 ಗ್ರಾಂ ಇದ್ದಿದ್ದನ್ನು ಹೆಚ್ಚುಕಡಿಮೆ 32 ಕಿಲೊ ಎಂದು ಬರೆದರು. ಲೆಕ್ಕ ಪೂರ್ತಿ ಕೆಟ್ಟಿತು. ಗುಂಡು ಗುರಿಯಿಂದ ಎರಡೂವರೆ ಅಡಿ ಎಡಕ್ಕೆ, ಪಕ್ಕದಲ್ಲಿ ನಿಲ್ಲಿಸಿದ್ದ ಇನ್ನೊಂದು ಗುರಿಗೆ ಬಡಿಯಿತು. ಸ್ಕೋಪಿನಲ್ಲಿ ನೋಡುವವನಿಗೆ ಕಾಣುವುದು ದೃಶ್ಯದ ಒಂದು ಸಣ್ಣ ಜಿಗಿತ ಮಾತ್ರ, ಬಂದೂಕು ಸ್ವಲ್ಪ ಅಲ್ಲಾಡಿತೇನೋ ಅನ್ನಿಸುವಷ್ಟು. ಬಂದೂಕು ಹಾರದಂತೆ ಫೈರಿಂಗ್ ಪಿನ್ ಅನ್ನು ತಡೆದಿಡುವುದು ಕೂಡ ಅವರಿಂದ ಆಯಿತು.

ಒಂದು ಮಾತ್ರ ಆಗಲಿಲ್ಲ. ಯಾರೂ ಟ್ರಿಗರ್ ಎಳೆಯದೆ ಗುಂಡು ಹಾರಿಸಲು ಆಗಲಿಲ್ಲ. ಟ್ರಿಗರ್‌ಗೆ ಬೆರಳು ಬೇಕೇ ಬೇಕಿತ್ತು. ಸುದ್ದಿ ಓದಿದ ಬಹಳ ಜನ ಅಲ್ಲಿಗೆ ನಿಟ್ಟುಸಿರು ಬಿಟ್ಟರು. ಸದ್ಯ, ಹ್ಯಾಕರ್ ದೂರದಿಂದ ಗುಂಡು ಹಾರಿಸಲಾರ ಅಂತ.

ನನಗೆ ಆ ಸಮಾಧಾನ ಇವತ್ತಿಗೂ ಒಪ್ಪಿಗೆಯಾಗಿಲ್ಲ. ನಾನು ಸಾಫ್ಟ್‌ವೇರ್ ಕೆಲಸದಲ್ಲಿ ಇರುವವನು. ನಮ್ಮ ಕೆಲಸದಲ್ಲಿ ಒಂದು ಸಿಸ್ಟಮ್ ಕೆಟ್ಟು ನಿಂತರೆ ತೊಂದರೆ ನಿಜ, ಆದರೆ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಎಲ್ಲರೂ ಎದ್ದು ಓಡುತ್ತಾರೆ, ಸರಿ ಮಾಡುತ್ತಾರೆ. ಸಿಸ್ಟಮ್ ಚೆನ್ನಾಗಿ ಓಡುತ್ತಾ ತಪ್ಪು ಉತ್ತರ ಕೊಡುತ್ತಿದ್ದರೆ ಅದು ಬೇರೆ ಮಟ್ಟದ ಅಪಾಯ. ತಕ್ಕಡಿಯ ಬಟ್ಟನ್ನೇ ಯಾರೋ ಬದಲಿಸಿಟ್ಟ ಹಾಗೆ. ತೂಗುವವನು ಪ್ರಾಮಾಣಿಕ, ಕೈ ನೇರ, ಕಣ್ಣು ಮುಳ್ಳಿನ ಮೇಲೆ. ಆದರೂ ಪ್ರತಿ ತೂಕವೂ ಸುಳ್ಳು. ಆಯುಧದ ವಿಷಯದಲ್ಲಿ ನನ್ನನ್ನು ಕಾಡುವುದು ಇದೇ. ನಮ್ಮ ಬಂದೂಕನ್ನು ಇನ್ನೊಬ್ಬ ಹಾರಿಸುತ್ತಾನೆ ಎನ್ನುವುದು ದೊಡ್ಡ ಭಯ, ಒಪ್ಪುತ್ತೇನೆ. ನಾವು ಹಾರಿಸಿದ ಗುಂಡು ಎಲ್ಲಿಗೆ ಹೋಗಬೇಕು ಅಂತ ಇನ್ನೊಬ್ಬ ಮೊದಲೇ ಬರೆದಿಟ್ಟಿದ್ದಾನೆ, ನಮಗೆ ಅದು ಗೊತ್ತೇ ಇಲ್ಲ ಎನ್ನುವುದು ಅದಕ್ಕಿಂತ ಜಾಸ್ತಿ ಹೆದರಿಸುತ್ತದೆ.

ಆ ರೈಫಲ್ ಮೇಲೆ ನಿಜವಾದ ದಾಳಿ ನಡೆದ ಸುದ್ದಿ ಬಂದಿಲ್ಲ. ಮಾರಾಟ ಆಗಿದ್ದೇ ಸಾವಿರ ಚಿಲ್ಲರೆ. ಸಂಶೋಧಕರು ದಾಳಿಯ ಪೂರ್ತಿ ವಿವರ ಬಿಟ್ಟುಕೊಡಲಿಲ್ಲ. ಕಂಪನಿ ಸಾಫ್ಟ್‌ವೇರ್ ಸರಿ ಮಾಡಿ, ಕೊಂಡವರಿಗೆ ಯುಎಸ್‌ಬಿ ಡ್ರೈವ್ ಅಂಚೆಯಲ್ಲಿ ಕಳಿಸುವುದಾಗಿ ಹೇಳಿತು. ಜೊತೆಗೆ ತನ್ನ ವೆಬ್‌ಸೈಟಿನಲ್ಲಿ ಒಂದು ಸೂಚನೆ ಹಾಕಿತು. 100 ಅಡಿಯೊಳಗೆ ಹ್ಯಾಕರ್ ಯಾರೂ ಇಲ್ಲ ಅಂತ ನಿಮಗೆ ನಂಬಿಕೆ ಇದ್ದರೆ ವೈ-ಫೈ ಬಳಸುತ್ತಾ ಇರಬಹುದು ಅಂತ. ಆ ಸಾಲು ಓದಿದಾಗ ನನಗೆ ಬೇಜಾರಾಯಿತು. ಬೀಗ ಸರಿಯಿಲ್ಲದ ಬಂದೂಕನ್ನು ಮಾರಿ, ಸುತ್ತ ಯಾರಿದ್ದಾರೆ ಅಂತ ನೋಡಿಕೊಳ್ಳುವ ಹೊಣೆಯನ್ನು ಕೊಂಡವನ ತಲೆಗೆ ಕಟ್ಟಿದ ಮಾತು ಅದು. ಆ ಹೊತ್ತಿಗಾಗಲೇ ಕಂಪನಿಯೂ ಹಣದ ತೊಂದರೆಗೆ ಸಿಕ್ಕಿತ್ತು, ಹೊಸ ಆರ್ಡರ್ ತಗೊಳ್ಳುವುದನ್ನು ನಿಲ್ಲಿಸಿತ್ತು.

ಅದೇ ತಿಂಗಳು ಇನ್ನೊಂದು ಸುದ್ದಿ ಬಂದಿತ್ತು. ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬ ಭದ್ರತಾ ಸಂಶೋಧಕರು ಓಡುತ್ತಿದ್ದ ಜೀಪ್ ಒಂದನ್ನು ದೂರದಿಂದ ಇಂಟರ್ನೆಟ್ ಮೂಲಕ ಹಿಡಿತಕ್ಕೆ ತಗೊಂಡು ತೋರಿಸಿದ್ದರು. ಅದರ ಬೆನ್ನಿಗೆ 14 ಲಕ್ಷ ವಾಹನಗಳ ರೀಕಾಲ್ ಆಯಿತು, ಅಂದರೆ ದೋಷ ಸರಿ ಮಾಡಲು ಕಂಪನಿ ಅವನ್ನು ವಾಪಸ್ ಕರೆಯಿತು. ಕಾರುಗಳಿಗೆ ರೀಕಾಲ್ ಮಾಡಿಸುವ ಸರ್ಕಾರಿ ಸಂಸ್ಥೆ ಅಮೆರಿಕದಲ್ಲಿ ಇದೆ. ಬಂದೂಕಿಗೆ ಹಾಗೆ ಹೇಳುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ಗ್ರಾಹಕ ವಸ್ತುಗಳ ಸುರಕ್ಷತೆ ನೋಡಿಕೊಳ್ಳುವ ಆಯೋಗದ ಕೈಯಿಂದ ಬಂದೂಕನ್ನು ಕಾನೂನೇ ಹೊರಗಿಟ್ಟಿದೆ.

ಇದು ಒಂದು ಸಣ್ಣ ಕಂಪನಿಯ ಕತೆ, ದೊಡ್ಡ ಸೈನ್ಯಗಳು ಹೀಗೆ ಇರಲಿಕ್ಕಿಲ್ಲ ಅನ್ನಿಸಬಹುದು ಅಲ್ವಾ? ಅದಕ್ಕೆ ಉತ್ತರ 2018ರ ಅಕ್ಟೋಬರ್‌ನಲ್ಲಿ ಬಂತು. ಅಮೆರಿಕದ ಸಂಸತ್ತಿನ ಪರವಾಗಿ ಲೆಕ್ಕಪರಿಶೋಧನೆ ಮಾಡುವ ಸಂಸ್ಥೆ ಜಿಎಒ, ಅಲ್ಲಿನ ರಕ್ಷಣಾ ಇಲಾಖೆಯ ಆಯುಧ ವ್ಯವಸ್ಥೆಗಳ ಬಗ್ಗೆ ಒಂದು ವರದಿ ಕೊಟ್ಟಿತು. ಒಟ್ಟು 1.66 ಲಕ್ಷ ಕೋಟಿ ಡಾಲರ್ ವೆಚ್ಚದ ಯೋಜನೆಗಳು ಅವು. 2012ರಿಂದ 2017ರ ನಡುವೆ ನಡೆದ ಪರೀಕ್ಷೆಗಳನ್ನು ವರದಿ ನೋಡಿತ್ತು. ಒಂದು ಕಡೆ ಇಬ್ಬರೇ ಇದ್ದ ತಂಡ ಒಂದು ಗಂಟೆಯಲ್ಲಿ ಆಯುಧ ವ್ಯವಸ್ಥೆಯ ಒಳಗೆ ನುಗ್ಗಿತ್ತು, ಒಂದು ದಿನದಲ್ಲಿ ಪೂರ್ತಿ ಹಿಡಿತ ಪಡೆದಿತ್ತು. ಇನ್ನೊಂದು ಕಡೆ ಅಡ್ಮಿನ್ ಪಾಸ್‌ವರ್ಡ್ ಊಹಿಸಲು ಬೇಕಾಗಿದ್ದು 9 ಸೆಕೆಂಡ್. ಕೊಂಡು ಹಾಕಿದ ಸಾಫ್ಟ್‌ವೇರ್‌ನ ಡೀಫಾಲ್ಟ್ ಪಾಸ್‌ವರ್ಡನ್ನೇ ಬದಲಾಯಿಸದೆ ಬಿಟ್ಟ ವ್ಯವಸ್ಥೆಗಳೂ ಇದ್ದವು. ಒಂದು ಹಳೆಯ ಪರೀಕ್ಷೆಯಲ್ಲಿ ಕಂಡಿದ್ದ 20 ದೋಷಗಳಲ್ಲಿ ಸರಿ ಮಾಡಿದ್ದು ಒಂದೇ ಒಂದು.

ಆ ವರದಿಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿದ್ದು ಪಾಸ್‌ವರ್ಡಿನ ಕತೆಗಿಂತ ಜಾಸ್ತಿ, ಆ ಯಂತ್ರಗಳ ಮುಂದೆ ಕೂತವರ ಕತೆ. ದಾಳಿ ಪತ್ತೆ ಹಚ್ಚುವ ವ್ಯವಸ್ಥೆ ಒಂದು ಕಡೆ ಸರಿಯಾಗಿಯೇ ಕೆಲಸ ಮಾಡಿತ್ತು. ಎಚ್ಚರಿಕೆ ಕೊಟ್ಟಿತ್ತು. ಆದರೆ ಅದು ಯಾವಾಗಲೂ ಕೆಂಪು ತೋರಿಸುತ್ತಲೇ ಇದ್ದುದರಿಂದ ಯಾರೂ ಅದನ್ನು ನೋಡುತ್ತಿರಲಿಲ್ಲ. ಇನ್ನೊಂದು ಕಡೆ ಪರೀಕ್ಷೆಯ ತಂಡ ಬೇಕಂತಲೇ ಸಿಸ್ಟಮ್ ಬೀಳಿಸಿತು. ನಡೆಸುವವರಿಗೆ ಅನುಮಾನವೇ ಬರಲಿಲ್ಲ. ಯಾಕೆಂದರೆ ಅದು ಹೇಗೂ ಆಗಾಗ ಬೀಳುತ್ತಿತ್ತು. ಪ್ರತಿದಿನ ಸಣ್ಣಪುಟ್ಟದಕ್ಕೆ ಕೈಕೊಡುವ ಯಂತ್ರದಲ್ಲಿ ದಾಳಿಯೂ ಇನ್ನೊಂದು ಕಿರಿಕಿರಿಯ ಹಾಗೆಯೇ ಕಾಣುತ್ತದೆ. ಕೆಟ್ಟ ಗುಣಮಟ್ಟದ ಸಾಫ್ಟ್‌ವೇರ್ ಕಳ್ಳನಿಗೆ ಅಡಗುವ ಜಾಗ ಕೊಡುತ್ತದೆ. ಭದ್ರತೆ ಎಂದರೆ ಗೋಡೆ, ಬೀಗ, ಗುಟ್ಟಿನ ಅಕ್ಷರ ಅಂತಷ್ಟೇ ಯೋಚಿಸುವವರು ಇದನ್ನು ಮರೆಯುತ್ತಾರೆ.

ಗೊತ್ತಿದ್ದೂ ಬಿಟ್ಟ ದೋಷಗಳೂ ಇವೆ. 2009ರ ಡಿಸೆಂಬರ್‌ನಲ್ಲಿ ಹೊರಬಂದ ಸುದ್ದಿ ನೆನಪಿರಬಹುದು. ಇರಾಕಿನ ಬಂಡುಕೋರರು ಅಮೆರಿಕದ ಪ್ರಿಡೇಟರ್ ಡ್ರೋನ್ ಕಳಿಸುವ ವಿಡಿಯೊವನ್ನು ತಮ್ಮ ಲ್ಯಾಪ್‌ಟಾಪ್‌ಗಳಲ್ಲಿ ನೋಡುತ್ತಿದ್ದರು. ಬಳಸಿದ್ದು ಸ್ಕೈಗ್ರ್ಯಾಬರ್ ಎಂಬ, 26 ಡಾಲರ್‌ಗೆ ಸಿಗುವ ಸಾಫ್ಟ್‌ವೇರ್. ಆ ವಿಡಿಯೊಗೆ ಎನ್‌ಕ್ರಿಪ್ಷನ್, ಅಂದರೆ ಬೇರೆಯವರು ನೋಡಲಾಗದಂತೆ ಗುಟ್ಟಿನ ರೂಪಕ್ಕೆ ಬದಲಿಸುವ ಏರ್ಪಾಡು, ಇರಲಿಲ್ಲ. ಇರಲಿಲ್ಲ ಅಂತ 1990ರ ದಶಕದ ಬೋಸ್ನಿಯಾ ಕಾರ್ಯಾಚರಣೆಯ ಕಾಲದಿಂದಲೇ ಅಧಿಕಾರಿಗಳಿಗೆ ಗೊತ್ತಿತ್ತು. ಅಲ್ಲಿನ ಶತ್ರುವಿಗೆ ಇದು ತಿಳಿಯುವುದಿಲ್ಲ ಎಂದು ಅಂದುಕೊಂಡಿದ್ದರು. ಬಂಡುಕೋರರಿಗೆ ಡ್ರೋನ್ ಓಡಿಸಲು ಆಗಲಿಲ್ಲ ನಿಜ. ಆದರೆ ತಮ್ಮ ಮೇಲೆ ಕಣ್ಣು ಎಲ್ಲಿದೆ ಅಂತ ಗೊತ್ತಾದರೆ ಅಲ್ಲಿಂದ ಜಾಗ ಬಿಡಲು ಅಷ್ಟು ಸಾಕು.

ಇನ್ನು ಜಿಪಿಎಸ್. ಆಯುಧ ಇಂಟರ್ನೆಟ್‌ಗೆ ಸೇರದೇ ಇದ್ದರೂ ಆಕಾಶದಿಂದ ಬರುವ ಸಿಗ್ನಲ್ ನಂಬಿದರೆ ಅದೂ ಹೊರಗಿನ ಮಾತು ಕೇಳಿದ ಹಾಗೆಯೇ. ಟೆಕ್ಸಾಸ್ ವಿಶ್ವವಿದ್ಯಾಲಯದ ಟಾಡ್ ಹಂಫ್ರೀಸ್ ಅವರ ತಂಡ 2012ರಲ್ಲಿ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಸುಳ್ಳು ಜಿಪಿಎಸ್ ಸಿಗ್ನಲ್ ಕಳಿಸಿ ಒಂದು ಸಣ್ಣ ಡ್ರೋನನ್ನು ದಾರಿ ತಪ್ಪಿಸಿ ತೋರಿಸಿತು. ಮರುವರ್ಷ ಮೆಡಿಟರೇನಿಯನ್ ಸಮುದ್ರದಲ್ಲಿ 65 ಮೀಟರ್ ಉದ್ದದ ಒಂದು ವಿಹಾರ ನೌಕೆಯ ಮೇಲೆ, ಮಾಲೀಕರ ಒಪ್ಪಿಗೆ ಪಡೆದು, ಅದೇ ಪ್ರಯೋಗ ಮಾಡಿದರು. ನೌಕೆ ದಿಕ್ಕು ಬದಲಿಸಿತು. ಒಂದು ಅಲಾರಂ ಕೂಡ ಹೊಡೆಯಲಿಲ್ಲ. ಪರದೆಯ ಮೇಲೆ ಅದು ನೇರವಾಗಿ ಹೋಗುತ್ತಿರುವಂತೆ ಕಾಣುತ್ತಿತ್ತು. ರೈಫಲ್ ಕತೆಯಲ್ಲಿ ನೋಡಿದ್ದು ಇಲ್ಲಿಯೂ ಅದೇ. ಯಂತ್ರ ನಿಲ್ಲಲಿಲ್ಲ. ಶಾಂತವಾಗಿ ಸುಳ್ಳು ಹೇಳಿತು.

ಇಷ್ಟೆಲ್ಲ ಓದಿದ ಮೇಲೆ ಉತ್ತರ ಸುಲಭ ಅನ್ನಿಸುತ್ತದೆ. ಆಯುಧವನ್ನು ಯಾವುದಕ್ಕೂ ಜೋಡಿಸಬೇಡಿ, ಮುಗಿಯಿತು. ಎಷ್ಟೋ ದಿನ ನನ್ನ ನಿಲುವೂ ಇದೇ ಆಗಿತ್ತು. ಅದನ್ನು ಅಲ್ಲಾಡಿಸಿದ್ದು 1991ರ ಒಂದು ಘಟನೆ.

ಕೊಲ್ಲಿ ಯುದ್ಧದ ಸಮಯ. ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ, ಬರುವ ಶತ್ರು ಕ್ಷಿಪಣಿಗಳನ್ನು ಆಕಾಶದಲ್ಲೇ ಹೊಡೆಯುವ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕಾವಲಿಗಿತ್ತು. ಅದರ ಕಂಪ್ಯೂಟರ್ ಸಮಯ ಲೆಕ್ಕ ಹಾಕುವಾಗ ಹತ್ತನೇ ಒಂದು ಸೆಕೆಂಡನ್ನು ಪೂರ್ತಿ ನಿಖರವಾಗಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಪ್ರತಿ ಬಾರಿ ಒಂದು ಚೂರು ಕಡಿಮೆ. ಯಂತ್ರ ಓಡುತ್ತಾ ಹೋದಂತೆ ಆ ಚೂರುಗಳು ಸೇರುತ್ತಾ ಹೋಗುತ್ತಿದ್ದವು. ಸುಮಾರು 100 ಗಂಟೆ ನಿಲ್ಲಿಸದೆ ಓಡಿದ ಮೇಲೆ ವ್ಯತ್ಯಾಸ ಸೆಕೆಂಡಿನ ಮೂರನೇ ಒಂದು ಭಾಗ ಆಗಿತ್ತು. ಇರಾಕ್ ಹಾರಿಸುತ್ತಿದ್ದ ಸ್ಕಡ್ ಕ್ಷಿಪಣಿಯ ವೇಗಕ್ಕೆ ಅಷ್ಟು ಸಮಯದಲ್ಲಿ ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಫೆಬ್ರವರಿ 25ರ ರಾತ್ರಿ ಬಂದ ಸ್ಕಡ್ ಅನ್ನು ಪೇಟ್ರಿಯಟ್ ತಪ್ಪು ಜಾಗದಲ್ಲಿ ಹುಡುಕಿತು. ಆ ಸ್ಕಡ್ ಅಮೆರಿಕದ ಸೈನಿಕರ ವಸತಿಯ ಮೇಲೆ ಬಿತ್ತು. 28 ಸೈನಿಕರು ಸತ್ತರು. ದೋಷ ಆಗಲೇ ಪತ್ತೆಯಾಗಿತ್ತು, ಹೊಸ ಸಾಫ್ಟ್‌ವೇರ್ ಸಿದ್ಧವಾಗಿತ್ತು. ಅದು ಧಹ್ರಾನ್ ತಲುಪಿದ್ದು ಮಾರನೇ ದಿನ, ಫೆಬ್ರವರಿ 26ಕ್ಕೆ.

ಇಲ್ಲಿ ಹ್ಯಾಕರ್ ಇಲ್ಲ, ನೆಟ್‌ವರ್ಕ್ ಇಲ್ಲ. ಸರಿಯಾದ ಸಾಫ್ಟ್‌ವೇರ್ ದೂರದಿಂದ ತಕ್ಷಣ ಬರುವ ದಾರಿ ಇದ್ದಿದ್ದರೆ ಆ 28 ಜನ ಉಳಿಯುತ್ತಿದ್ದರೋ ಏನೋ. ಸಾಫ್ಟ್‌ವೇರ್ ಇರುವ ಯಾವುದೇ ಯಂತ್ರಕ್ಕೆ ಅಪ್‌ಡೇಟ್ ಬೇಕು. ಅಪ್‌ಡೇಟ್ ಬರುವ ದಾರಿಯಲ್ಲೇ ಕಳ್ಳನೂ ಬರಬಹುದು. ಈ ಗಂಟು ಬಿಚ್ಚುವುದು ಕಷ್ಟ. ಜೋಡಿಸಬೇಡಿ ಎಂದು ಹೇಳಿ ಕೈತೊಳೆದುಕೊಳ್ಳುವವರಿಗೆ ಧಹ್ರಾನ್ ಒಂದು ಪ್ರಶ್ನೆಯಾಗಿ ಉಳಿಯುತ್ತದೆ.

ಇದರ ಜೊತೆಗೆ ವಯಸ್ಸಿನ ಪ್ರಶ್ನೆ. ಆಯುಧಗಳು ಬಹಳ ಕಾಲ ಬಾಳುತ್ತವೆ. ಬಿ-52 ಬಾಂಬರ್ ಮೊದಲು ಹಾರಿದ್ದು 1952ರಲ್ಲಿ, ಕೊನೆಯದನ್ನು ಕಟ್ಟಿದ್ದು 1962ರಲ್ಲಿ, ಇನ್ನೂ ಹಾರುತ್ತಿವೆ. ಸಾಫ್ಟ್‌ವೇರ್‌ಗೆ ಅಷ್ಟು ಆಯಸ್ಸು ಎಲ್ಲಿದೆ? ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿ ಬೆಂಬಲ ನಿಲ್ಲಿಸಿತು. ಮರುವರ್ಷ ಅಮೆರಿಕದ ನೌಕಾಪಡೆ ಅದನ್ನೂ ಇನ್ನೂ ಕೆಲವು ಹಳೆಯ ಸಾಫ್ಟ್‌ವೇರ್‌ಗಳನ್ನೂ ಉಳಿಸಿಕೊಳ್ಳಲು 91 ಲಕ್ಷ ಡಾಲರ್ ಒಪ್ಪಂದ ಮಾಡಿಕೊಂಡಿತು. ನೌಕಾಪಡೆಗೆ ಆ ಹಣ ಇದೆ. ಬಂದೂಕು ಕೊಂಡ ಒಬ್ಬ ವ್ಯಕ್ತಿಗೆ, ಕಂಪನಿ ಮುಚ್ಚಿಹೋದ ಮೇಲೆ, ಯಾರು ಅಪ್‌ಡೇಟ್ ಕೊಡುತ್ತಾರೆ? ಎಣ್ಣೆ ಹಚ್ಚಿ ಜೋಪಾನ ಮಾಡಿದರೆ ಬಂದೂಕಿನ ಕಬ್ಬಿಣ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಅದರೊಳಗಿನ ಪ್ರೋಗ್ರಾಂ ಅಷ್ಟು ದಿನ ಯಾರ ಕಾವಲೂ ಇಲ್ಲದೆ ಬಿದ್ದಿರುತ್ತದೆ.

ಬೆರಳು ಬೇಕೇ ಬೇಕು ಎನ್ನುವ ಸಮಾಧಾನವೂ ಈಗ ಉಳಿದಿಲ್ಲ. 2020ರ ನವೆಂಬರ್ 27ರಂದು ಇರಾನಿನ ಅಣು ವಿಜ್ಞಾನಿ ಮೊಹ್ಸೆನ್ ಫಖ್ರಿಜಾದೆ ಅವರನ್ನು ಟೆಹ್ರಾನ್ ಹತ್ತಿರದ ಅಬ್ಸಾರ್ದ್‌ನಲ್ಲಿ ಗುಂಡಿಟ್ಟು ಕೊಂದರು. ನ್ಯೂಯಾರ್ಕ್ ಟೈಮ್ಸ್ ಮರುವರ್ಷ ಮಾಡಿದ ವರದಿಯ ಪ್ರಕಾರ ಅಲ್ಲಿ ಹೊಡೆಯುವವನೇ ಇರಲಿಲ್ಲ. ರಸ್ತೆ ಪಕ್ಕದ ಪಿಕಪ್ ಟ್ರಕ್‌ನಲ್ಲಿ ಮೆಷಿನ್ ಗನ್ ಇತ್ತು. ನಡೆಸುತ್ತಿದ್ದವನು 1,600 ಕಿಲೋಮೀಟರ್‌ಗಿಂತ ದೂರದಲ್ಲಿದ್ದ, ಉಪಗ್ರಹದ ಸಂಪರ್ಕದಲ್ಲಿ. ದೃಶ್ಯ ಅವನಿಗೆ ತಲುಪಿ ಅವನ ಆಜ್ಞೆ ಬಂದೂಕಿಗೆ ಮರಳಲು 1.6 ಸೆಕೆಂಡ್ ಬೇಕಿತ್ತು. ಆ ವಿಳಂಬವನ್ನೂ ಗುಂಡು ಹಾರುವಾಗ ಟ್ರಕ್ ಅಲ್ಲಾಡುವುದನ್ನೂ ಸಾಫ್ಟ್‌ವೇರ್ ಸರಿದೂಗಿಸಿತು. ಪಕ್ಕದಲ್ಲೇ ಕೂತಿದ್ದ ಅವರ ಹೆಂಡತಿಗೆ ಗುಂಡು ತಾಗಲಿಲ್ಲ. ಇದನ್ನು ಕಟ್ಟಿದವರು ಬೇಕಂತಲೇ ಹೀಗೆ ಕಟ್ಟಿದರು, ಹ್ಯಾಕ್ ಮಾಡಿದ್ದಲ್ಲ. ಆದರೆ ಒಮ್ಮೆ ಬಂದೂಕಿಗೂ ಅದನ್ನು ನಡೆಸುವವನಿಗೂ ನಡುವೆ ಒಂದು ಲಿಂಕ್ ಬಂದರೆ, ಆ ಲಿಂಕಿನ ಆಚೆ ತುದಿಯಲ್ಲಿ ಯಾರಿದ್ದಾರೆ ಅಂತ ಬಂದೂಕಿಗೆ ಗೊತ್ತಾಗುವುದು ಪಾಸ್‌ವರ್ಡ್ ಮತ್ತು ಕೀ ಇಂದ ಮಾತ್ರ. ಸರಿಯಾದ ಕೀ ತೋರಿಸಿದವನೇ ಯಜಮಾನ.

ಒಳ್ಳೆಯ ಉದ್ದೇಶದಿಂದ ಬಂದ ಸ್ಮಾರ್ಟ್ ಬಂದೂಕುಗಳೂ ಇವೆ. ಮಗುವಿನ ಕೈಗೆ ಸಿಕ್ಕರೆ ಹಾರಬಾರದು, ಕದ್ದವನ ಕೈಯಲ್ಲಿ ಕೆಲಸ ಮಾಡಬಾರದು ಎನ್ನುವ ಆಸೆ. ಈ ಆಸೆಗೆ ನನ್ನ ಪೂರ್ತಿ ಬೆಂಬಲ ಇದೆ. ಜರ್ಮನಿಯ ಆರ್ಮಾಟಿಕ್ಸ್ ಕಂಪನಿ ಇಂಥ ಪಿಸ್ತೂಲ್ ಮಾಡಿತ್ತು. ಜೊತೆಗೆ ಕೊಡುವ ಕೈಗಡಿಯಾರ ಹತ್ತಿರ ಇದ್ದರೆ ಮಾತ್ರ ಅದು ಹಾರಬೇಕು. 2017ರಲ್ಲಿ ಪ್ಲೋರ್ ಎಂಬ ಅಡ್ಡಹೆಸರಿನ ಹ್ಯಾಕರ್ ಆ ರೇಡಿಯೊ ಸಂಪರ್ಕದ ದೂರವನ್ನು ಹಿಗ್ಗಿಸಿ ತೋರಿಸಿದರು, ಬೇರೆ ಸಿಗ್ನಲ್ ಕಳಿಸಿ ಮಾಲೀಕನ ಕೈಯಲ್ಲೇ ಹಾರದಂತೆ ತಡೆದು ತೋರಿಸಿದರು. ಕೊನೆಗೆ ಸುಮಾರು 15 ಡಾಲರ್ ಬೆಲೆಯ ಅಯಸ್ಕಾಂತಗಳಿಂದಲೇ ಬೀಗ ಸೋತಿತು. ಎಲೆಕ್ಟ್ರಾನಿಕ್ ಬೀಗದ ಬಗ್ಗೆ ಅಷ್ಟೆಲ್ಲ ಯೋಚಿಸಿ, ಬೀಗದ ಒಳಗಿನ ಲೋಹದ ತುಂಡನ್ನು ಮರೆತಿದ್ದರು. ಆಮೇಲೆ ಬಂದ ಬಯೋಫೈರ್ ಎಂಬ ಕಂಪನಿ 2023ರಲ್ಲಿ ಬೆರಳಚ್ಚು ಮತ್ತು ಮುಖ ಗುರುತಿಸುವ ಪಿಸ್ತೂಲನ್ನು ತಂದಾಗ ಅದರಲ್ಲಿ ವೈ-ಫೈ, ಬ್ಲೂಟೂತ್, ಜಿಪಿಎಸ್ ಯಾವುದನ್ನೂ ಇಡಲಿಲ್ಲ. ಅದರ ಬೇರೆ ಗುಣದೋಷ ಏನೇ ಇರಲಿ, ಈ ಒಂದು ತೀರ್ಮಾನ ನನಗೆ ಬಹಳ ಇಷ್ಟವಾಯಿತು. ಯಾರನ್ನು ಗುರುತಿಸಬೇಕೋ ಅವರು ಬಂದೂಕನ್ನು ಕೈಯಲ್ಲೇ ಹಿಡಿದಿದ್ದಾರೆ. ಅದಕ್ಕೆ ಹೊರಗಿನ ನೆಟ್‌ವರ್ಕ್ ಯಾಕೆ?

ಯುದ್ಧಭೂಮಿಯಲ್ಲೂ ಇದೇ ಪಾಠ ಬೇರೆ ರೂಪದಲ್ಲಿ ಬಂದಿದೆ. ಉಕ್ರೇನ್ ಯುದ್ಧದಲ್ಲಿ ಜ್ಯಾಮಿಂಗ್, ಅಂದರೆ ಶತ್ರುವಿನ ರೇಡಿಯೊ ಸಿಗ್ನಲ್ ಕೆಡಿಸುವುದು, ಎಷ್ಟು ಹೆಚ್ಚಿತೆಂದರೆ, ಜಿಪಿಎಸ್ ನಂಬಿದ್ದ ದುಬಾರಿ ಎಕ್ಸ್‌ಕ್ಯಾಲಿಬರ್ ಶೆಲ್‌ಗಳು ಗುರಿ ತಪ್ಪತೊಡಗಿದವು. ಡ್ರೋನ್‌ಗಳು ಸಿಗ್ನಲ್ ಸಿಗದೆ ಬಿದ್ದವು. ಅದಕ್ಕೆ ಎರಡೂ ಕಡೆಯವರು ಕಂಡುಕೊಂಡ ಉಪಾಯ ಏನು ಗೊತ್ತಾ? ಡ್ರೋನ್‌ಗೆ ತಂತಿ ಕಟ್ಟುವುದು. ಕೂದಲಿನಷ್ಟು ತೆಳುವಾದ ಆಪ್ಟಿಕಲ್ ಫೈಬರ್, 10 ಕಿಲೋಮೀಟರ್‌ಗೂ ಜಾಸ್ತಿ, ಸುರುಳಿಯಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಅಲ್ಲಿನ ಹೊಲಗಳ ಮೇಲೆ ಆ ಎಳೆಗಳು ಜೇಡರ ಬಲೆಯಂತೆ ಹರಡಿರುವ ಚಿತ್ರಗಳು ಬಂದಿವೆ.

ಹಾಗಂತ ಸಂಪರ್ಕ ಕಡಿದುಕೊಂಡವರೆಲ್ಲ ಕ್ಷೇಮ ಅಂತಲೂ ಹೇಳಲಾಗದು. ಫೋನ್ ಬಳಸಿದರೆ ಇಸ್ರೇಲ್ ಪತ್ತೆ ಹಚ್ಚುತ್ತದೆ ಎಂದು ಲೆಬನಾನಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾ ಪೇಜರ್‌ಗೆ ಇಳಿದಿತ್ತು. 2024ರ ಸೆಪ್ಟೆಂಬರ್ 17ರಂದು ಲೆಬನಾನಿನಲ್ಲಿ ಆ ಸಾವಿರಾರು ಪೇಜರ್‌ಗಳು ಒಟ್ಟಿಗೆ ಸ್ಫೋಟಿಸಿದವು. ಸ್ಫೋಟಕವನ್ನು ಕೈಗೆ ಬರುವ ಮೊದಲೇ ಒಳಗೆ ಇಟ್ಟಾಗಿತ್ತು. ಸತ್ತವರಲ್ಲಿ ಮಕ್ಕಳೂ ಇದ್ದರು. ವಸ್ತು ಎಲ್ಲಿ ತಯಾರಾಯಿತು, ಯಾರ ಯಾರ ಕೈ ದಾಟಿ ಬಂತು ಎನ್ನುವುದು ಗೊತ್ತಿಲ್ಲದಿದ್ದರೆ ನೆಟ್‌ವರ್ಕ್ ಆಫ್ ಮಾಡಿಯೂ ಪ್ರಯೋಜನ ಇಲ್ಲ. ಚಿಪ್ ಒಂದು ದೇಶದ್ದು, ಜೋಡಣೆ ಇನ್ನೊಂದು ದೇಶದ್ದು, ಪ್ರೋಗ್ರಾಂ ಮತ್ತೊಬ್ಬರದ್ದು ಆಗಿರುವ ಎಲ್ಲ ಆಯುಧಕ್ಕೂ ಈ ಅನುಮಾನ ಅಂಟಿಕೊಂಡೇ ಇರುತ್ತದೆ.

ಹಾಗಾದರೆ ಏನು ಮಾಡಬಹುದು? ನನ್ನ ಅಭಿಪ್ರಾಯ ಹೇಳುತ್ತೇನೆ. ಗುರಿಯ ಲೆಕ್ಕ ಹಾಕುವ ಕಂಪ್ಯೂಟರಿಗೂ ವಿಡಿಯೊ ಕಳಿಸುವ ಕಂಪ್ಯೂಟರಿಗೂ ನಡುವೆ ಗೋಡೆ ಇರಬೇಕು. ಆ ರೈಫಲ್‌ನಲ್ಲಿ ಎರಡೂ ಒಂದೇ ಕಡೆ ಇದ್ದವು, ಅದೇ ಮೂಲ ದೋಷ. ಮಾಹಿತಿ ಒಳಗಿನಿಂದ ಹೊರಗೆ ಮಾತ್ರ ಹರಿಯುವಂತೆ, ಹೊರಗಿನಿಂದ ಒಂದು ಅಕ್ಷರವೂ ಒಳಗೆ ಬಾರದಂತೆ ಹಾರ್ಡ್‌ವೇರ್‌ನಲ್ಲೇ ಮಾಡಬಹುದು. ವಿದ್ಯುತ್ ಸ್ಥಾವರಗಳಲ್ಲಿ ಇದು ಈಗಲೂ ಬಳಕೆಯಲ್ಲಿದೆ. ಅಪ್‌ಡೇಟ್ ಬೇಕಾದರೆ ಬರಲಿ, ತಯಾರಕರ ಡಿಜಿಟಲ್ ಸಹಿ ಇದ್ದರೆ ಮಾತ್ರ ಒಳಗೆ ಹೋಗಲಿ. ಅದರ ಮೇಲೂ ಆಯುಧದ ಹತ್ತಿರ ಇರುವ ಮನುಷ್ಯ ಒಂದು ಸ್ವಿಚ್ ಒತ್ತಿದರೆ ಮಾತ್ರ. ಸುರಕ್ಷತೆಯ ಕೊಂಡಿ ಕೈಯಿಂದ ತಿರುಗಿಸುವಂಥದ್ದಾಗಿರಲಿ, ಅದನ್ನು ತೆಗೆಯುವ ಶಕ್ತಿ ಯಾವ ಪ್ರೋಗ್ರಾಂಗೂ ಬೇಡ.

ಇದೆಲ್ಲ ಎಂಜಿನಿಯರಿಂಗ್. ಮಾಡಬೇಕು ಎನ್ನುವ ಮನಸ್ಸಿದ್ದರೆ ಆಗುತ್ತದೆ. ನನಗೆ ಜಾಸ್ತಿ ಕಷ್ಟವಾಗಿ ಕಾಣುವುದು ಹೊಣೆಯ ಪ್ರಶ್ನೆ. ಒಬ್ಬ ಸೈನಿಕನ ಗುಂಡು ತಪ್ಪಿ ಒಬ್ಬ ನಾಗರಿಕ ಸತ್ತ ಅಂತ ಇಟ್ಟುಕೊಳ್ಳಿ. ನಾನು ಸರಿಯಾಗಿಯೇ ಗುರಿ ಇಟ್ಟಿದ್ದೆ ಎಂದು ಅವನು ಹೇಳುತ್ತಾನೆ. ಅವನ ಮಾತು ನಿಜ ಇರಬಹುದು. ಹ್ಯಾಕ್ ಆಗಿತ್ತು ಎಂದು ಹೇಳಿ ಬೇಕಂತಲೇ ಕೊಂದವನು ತಪ್ಪಿಸಿಕೊಳ್ಳಲೂಬಹುದು. ಎರಡನ್ನೂ ಬೇರೆ ಮಾಡಿ ತೋರಿಸಬಲ್ಲದ್ದು ಆಯುಧದ ಒಳಗಿನ ಲಾಗ್, ಅಂದರೆ ನಡೆದದ್ದನ್ನು ಯಂತ್ರವೇ ಬರೆದಿಡುವ ದಾಖಲೆ, ಮಾತ್ರ. ಒಳಗೆ ನುಗ್ಗಿದವನು ಗುರಿಯ ಅಂಕಿ ಬದಲಿಸಬಲ್ಲನಾದರೆ ಲಾಗ್ ಬದಲಿಸಲಾರನೇ? ವಿಮಾನಗಳಲ್ಲಿ ಫ್ಲೈಟ್ ರೆಕಾರ್ಡರ್ ಬೇರೆಯೇ ಇರುತ್ತದೆ, ಪೈಲಟ್‌ಗೆ ಅದರ ಮೇಲೆ ಬರೆಯಲು ಆಗುವುದಿಲ್ಲ. ಗುರಿಯನ್ನು ಕಂಪ್ಯೂಟರ್ ಲೆಕ್ಕ ಹಾಕುವ ಪ್ರತಿ ಆಯುಧದಲ್ಲೂ ಅಂಥ ಒಂದು ಚಿಪ್ ಇರಬೇಕು. ಒಮ್ಮೆ ಬರೆದರೆ ಅಳಿಸಲಾಗದ್ದು. ಪ್ರತಿ ಗುಂಡಿಗೂ ಆ ಕ್ಷಣದಲ್ಲಿ ಸ್ಕೋಪ್ ತೋರಿಸಿದ್ದೇನು, ಲೆಕ್ಕಕ್ಕೆ ಬಳಸಿದ ಅಂಕಿಗಳೇನು, ಕೊನೆಯ ಬಾರಿ ಆ ಅಂಕಿಗಳನ್ನು ಬದಲಿಸಿದ್ದು ಯಾವಾಗ, ಎಲ್ಲ ಅದರಲ್ಲಿ ಇರಬೇಕು. ಅದನ್ನು ಓದುವ ಹಕ್ಕು ತಯಾರಿಸಿದ ಕಂಪನಿಗೂ ಸೈನ್ಯಕ್ಕೂ ಮಾತ್ರ ಸಿಕ್ಕರೆ ಸಾಲದು. ಸತ್ತವನ ಮನೆಯವರ ಪರ ವಾದಿಸುವ ವಕೀಲರಿಗೂ, ಕಟಕಟೆಯಲ್ಲಿ ನಿಂತ ಆ ಸೈನಿಕನಿಗೂ ಸಿಗಬೇಕು.